ಎಡಕ್ಕೆ ತಿರುಗಿದ ನಬವಿಯಾ

ಶಾಜಲಿ ತನ್ನ ಆಯುಷ್ಯದ ಅರ್ಧವನ್ನು ಚಿತ್ರಗಳನ್ನು ಕಾಯುವುದರಲ್ಲೇ ಕಳೆದ. ನಮ್ಮೂರ ಬೆನ್ನಿಗೆ ಅಂಟಿಕೊಂಡಿರುವ ಗುಡ್ಡದ ತುಂಬ ಫರೋ ದೊರೆಗಳ ಕಾಲದ ಗೋರಿಗಳಿವೆ. ದೊರೆಗಳದ್ದಲ್ಲ, ಅವರ ಕೈಕೆಳಗಿದ್ದ ಕಣಜದ ಅಧಿಕಾರಿಗಳದ್ದು, ತೋಟದ ಮೇಲ್ವಿಚಾರಕರದ್ದು, ಬದುಕಿದ್ದಾಗ ತಿಂದದ್ದು ಸಾಲದೆ ಸತ್ತ ಮೇಲಿನ ಊಟವನ್ನೂ ಗೋಡೆ ತುಂಬ ಬರೆಸಿಕೊಂಡು ಮಲಗಿದವರದ್ದು. ಶಾಜಲಿಗೆ ಅಲ್ಲಿ ಕಾವಲುಗಾರನ ಸರ್ಕಾರಿ ನೌಕರಿ. ಬಾಗಿಲಾಚೆ ಕನ್ನಡಿ ಹಿಡಿದು ನಿಂತು ಬಿಸಿಲನ್ನು ಒಳಗೆ ತಿರುಗಿಸಬೇಕು, ಬಂದ ಪರದೇಶದವರಿಗೆ ಅವರವರ ಭಾಷೆಯಲ್ಲಿ 'ನೋಡಿ, ನೋಡಿ, ಬಹಳ ಚೆಂದ, ಮುಟ್ಟಬೇಡಿ' ಎನ್ನಬೇಕು. ಇಷ್ಟೇ ಕೆಲಸ. ಲೋಕಕ್ಕೆಲ್ಲ ನೋಡಿ ಎಂದ ಈ ಮಹಾನುಭಾವ ತಾನು ಮಾತ್ರ ಒಂದು ದಿನವೂ ಆ ಕಡೆ ಕತ್ತು ಹೊರಳಿಸಲಿಲ್ಲ. ನೌಕರಿಯಿಂದ ನಿವೃತ್ತನಾದ ದಿನ ಯಾರಾದರೂ ಹಿಡಿದು ನಿಲ್ಲಿಸಿ, ಒಳಗೆ ಬರೆದಿರುವುದು ಬಾತುಕೋಳಿಯೋ ಬದನೆಕಾಯಿಯೋ ಎಂದು ಕೇಳಿದ್ದರೆ ತಲೆ ಕೆರೆದುಕೊಳ್ಳುತ್ತಿದ್ದ.

ಅವನು ನಿಜವಾಗಿ ಮನಸ್ಸಿಟ್ಟು ಮಾಡಿದ ಕೆಲಸ ಬೇರೆ. ಅದು ಕೊಂಕು ಮಾತು. ಮನೆಯ ಮುಂದಿನ ಮಣ್ಣಿನ ಜಗಲಿಯ ಮೇಲೆ ಚಹದ ಲೋಟ ಹಿಡಿದು ಕೂತನೆಂದರೆ ಬೀದಿಯಲ್ಲಿ ಹಾದುಹೋಗುವ ಒಂದು ನರಪಿಳ್ಳೆಯನ್ನೂ ಸುಮ್ಮನೆ ಬಿಡುತ್ತಿರಲಿಲ್ಲ. ಹೊಸ ನಿಲುವಂಗಿ ಹಾಕಿಕೊಂಡವನಿಗೆ ಕಿಟಕಿ ಪರದೆ ಉಳಿಯಿತಾ ಎಂದು ಕೇಳುವನು. ಕೈರೋದಿಂದ ಬಂದ ಅಳಿಯನಿಗೆ, ಅಲ್ಲಿ ಸೂರ್ಯ ಎಷ್ಟು ಹೊತ್ತಿಗೆ ಏಳುತ್ತಾನೆ, ನಿನ್ನ ಹಾಗೆ ಮಧ್ಯಾಹ್ನಕ್ಕಾ ಎನ್ನುವನು. ಜನ ನಗುತ್ತಿದ್ದರು. ಪಕ್ಕದವನಿಗೆ ಬಿದ್ದ ಏಟಿಗೆ ನಗುವುದು ನಮ್ಮೂರಿನಲ್ಲಿ ಒಂದು ಸೇವೆಯ ಹಾಗೆ ನಡೆದುಬಂದಿದೆ. ಅವನ ಬಲಗಡೆ ಅದೇ ಜಗಲಿಯ ಮೇಲೆ ಹೆಂಡತಿ ನಬವಿಯಾ ಕೂತಿರುತ್ತಿದ್ದಳು. ಸೊಪ್ಪು ಬಿಡಿಸುತ್ತಲೋ, ರೊಟ್ಟಿಯ ಹಿಟ್ಟು ಬಿಸಿಲಿಗೆ ಉಬ್ಬುವುದನ್ನು ಕಾಯುತ್ತಲೋ ಬೀದಿಯ ಕಡೆ ನೋಡುತ್ತಿರುವಳು. ಅವಳು ನಗುತ್ತಿರಲಿಲ್ಲ. ಏಟುಗಳಲ್ಲಿ ಅರ್ಧಕ್ಕರ್ಧ ಅವಳ ಪಾಲಿಗೇ ಬರುತ್ತಿದ್ದವು.

ಹಿಫ್ನಿಗೂ ಒಂದು ದಿನ ಬಿತ್ತು. ಹಿಫ್ನಿ ನಮ್ಮೂರ ಬಣ್ಣದವನು. ಊರಿನಿಂದ ಯಾರೇ ಹಜ್ ಯಾತ್ರೆಗೆ ಹೋಗಲಿ, ಅವರು ತಿರುಗಿ ಬರುವಷ್ಟರಲ್ಲಿ ಮನೆಯ ಮುಂಗೋಡೆಗೆ ಸುಣ್ಣ ಹೊಡೆದು, ಕಾಬಾ, ವಿಮಾನ, ಒಂಟೆ, ಕೈಯೆತ್ತಿ ಬೇಡುತ್ತಿರುವ ಯಾತ್ರಿಕ, ಎಲ್ಲವನ್ನೂ ಬರೆದುಕೊಡುವವನು ಅವನೇ. ಹಿಟ್ಟಿನ ಗಿರಣಿಯ ಯಜಮಾನ ಹಜ್ ಮುಗಿಸಿ ಬಂದಾಗ ಊರೆಲ್ಲ ಅವನ ಗೋಡೆಯ ಮುಂದೆ ನಿಂತು ಮಾಷಾ ಅಲ್ಲಾಹ್ ಎನ್ನುತ್ತಿತ್ತು. ಶಾಜಲಿ ಹಿಫ್ನಿಯ ಒಂಟೆಯನ್ನು ಬಹಳ ಹೊತ್ತು ದಿಟ್ಟಿಸಿ, ಆಡಿನ ಬೆನ್ನ ಮೇಲೆ ಅಷ್ಟು ದೊಡ್ಡ ಗಡ್ಡೆ ಎದ್ದಿದೆಯಲ್ಲ, ದನದ ಡಾಕ್ಟರಿಗೆ ತೋರಿಸಿದಿರಾ ಎಂದು ಕೇಳಿದ. ಜನ ಬಿದ್ದು ಬಿದ್ದು ನಕ್ಕರು. ಅಂದಿನಿಂದ ಹಿಫ್ನಿಗೆ ಗಡ್ಡೆ ಹಿಫ್ನಿ ಎಂಬ ಹೆಸರು ಅಂಟಿತು. ಅವನ ಮಗಳ ಮದುವೆಯ ಚಪ್ಪರದಲ್ಲೂ ಅದು ಬಿಡಲಿಲ್ಲ. ಹಿಫ್ನಿ ಮಸೀದಿಯ ಮೆಟ್ಟಿಲ ಮೇಲೆ ನಿಂತು, ಶಾಜಲಿಯ ಗೋಡೆಗೆ ನನ್ನ ಕುಂಚ ತಾಗಿದರೆ ನನ್ನ ಹೆಂಡತಿಗೆ ತಲಾಖ್ ಎಂದು ಆಣೆ ಹಾಕಿದ. ನಮ್ಮ ಕಡೆ ಗಂಡಸರಿಗೆ ಸಿಟ್ಟು ಬಂದಾಗ ಪಣಕ್ಕೆ ಇಡಲು ಥಟ್ಟನೆ ಕೈಗೆ ಸಿಗುವುದು ಹೆಂಡತಿಯೇ. ಕತ್ತೆಯನ್ನು ಇಡುವುದಿಲ್ಲ, ಕತ್ತೆ ಬೇಕಾಗುತ್ತದೆ.

ಆಗ ಶಾಜಲಿ ಅದಕ್ಕೂ ನಕ್ಕ. ಹಜ್‌ಗೆ ಹೋಗುವವರನ್ನು ಚೀಟಿ ಎತ್ತಿ ಆರಿಸುತ್ತಾರೆ. ತನ್ನ ಹೆಸರು ವರ್ಷ ವರ್ಷವೂ ಬರುತ್ತಿರಲಿಲ್ಲ, ಬಂದಾಗ ನೋಡಿಕೊಂಡರಾಯಿತು ಎಂದುಕೊಂಡ. ಈ ಸಲ ಗಂಡ ಹೆಂಡತಿ ಇಬ್ಬರ ಹೆಸರನ್ನೂ ಕೊಟ್ಟಿದ್ದ. ಹೆಂಡತಿಯದ್ದು ಸುಮ್ಮನೆ, ಜೊತೆಗಿರಲಿ ಎಂದು. ಬಂದದ್ದು ನಬವಿಯಾಳ ಹೆಸರು.

ಊರಿನ ಹೆಂಗಸರೆಲ್ಲ ಬಂದು ಅವಳನ್ನು ತಬ್ಬಿದರು, ಶರಬತ್ತು ಹಂಚಿದರು. ಶಾಜಲಿಯೂ ಒಂದು ಲೋಟ ಕುಡಿದ, ಬೇವಿನ ಕಷಾಯ ಕುಡಿದವನ ಮುಖ ಮಾಡಿಕೊಂಡು. ಮೆಕ್ಕಾದಲ್ಲಿ ತಾನು ಯಾವ ಬಾಗಿಲಿನಿಂದ ಒಳಗೆ ಹೋಗುವೆ, ಎಲ್ಲಿ ನಿಂತು ಏನು ಬೇಡುವೆ ಎಂದು ಜಗಲಿಯ ಮೇಲೆ ಕೂತು ವರ್ಷಗಟ್ಟಲೆ ಊರಿಗೆ ಪಾಠ ಹೇಳಿದ್ದವನು ಅವನು. ಈಗ ಕಿವಿಗೊಟ್ಟು ಕೇಳಿದವಳು ಹೊರಟಿದ್ದಳು, ಪಾಠ ಹೇಳಿದವನು ಕೋಳಿಗೂಡು ನೋಡಿಕೊಳ್ಳಲು ಉಳಿದಿದ್ದ. ಹೊಟ್ಟೆ ಉರಿಯಿತು. ಉರಿದದ್ದನ್ನು ನೇರವಾಗಿ ಹೇಳುವ ಅಭ್ಯಾಸ ಇರಲಿಲ್ಲ.

ಹೊರಡುವ ದಿನ ಬಸ್ಸಿನ ಹತ್ತಿರ ಬಿಳಿ ಬಟ್ಟೆಯ ಹೆಂಗಸರ ಗುಂಪು. ನಬವಿಯಾ ಗಂಡನ ಮುಂದೆ ಬಂದು ನಿಂತು, "ಗಲೀಲಾ ಅಪ್ಪಾ, ಅಲ್ಲಿಂದ ಏನಾದ್ರೂ ತರ್ಲಾ?" ಎಂದಳು. ಗಲೀಲಾ ಅವರ ಒಬ್ಬಳೇ ಮಗಳು, ಅದೇ ಬೀದಿಯಲ್ಲಿ ಕೊಟ್ಟಿದೆ.

ಸುತ್ತ ಜನ ನೋಡುತ್ತಿದ್ದರು. ಜನ ನೋಡುತ್ತಿದ್ದರೆ ಶಾಜಲಿಯ ನಾಲಗೆ ತುರಿಸುತ್ತದೆ.

"ಏನೂ ಬೇಡ. ಅಲ್ಲಿ ಸತ್ತೋರು ಸೀದಾ ಸ್ವರ್ಗಕ್ಕೆ ಹೋಗ್ತಾರಂತೆ. ನೀನೂ ಅಲ್ಲೇ ಇದ್ದುಬಿಡು, ನಮಗೆ ಹೂಳೋ ಖರ್ಚು ಉಳೀತದೆ."

ಒಬ್ಬಿಬ್ಬರು ನಕ್ಕರು. ನಬವಿಯಾ ಅವನನ್ನೇ ನೋಡಿದಳು. ಬಸ್ಸು ಹತ್ತಿ ಆಚೆ ಬದಿಯ ಕಿಟಕಿಗೆ ಹೋಗಿ ಕೂತಳು. ಬಸ್ಸು ಹೊರಟಾಗ ಅವನು ಎತ್ತಿದ ಕೈಗೆ ಈ ಬದಿಯಲ್ಲಿ ಕೂತಿದ್ದ ಯಾವಳೋ ಅಪರಿಚಿತ ಮುದುಕಿ ಕೈ ಬೀಸಿದಳು.

ಮನೆಗೆ ಬಂದರೆ ನಬವಿಯಾ ಬುಟ್ಟಿಯಲ್ಲಿ ಬಟ್ಟೆ ಮುಚ್ಚಿ ಒಣಗಿಸಿದ ರೊಟ್ಟಿ ಇಟ್ಟಿದ್ದಳು, ತಾನು ಬರುವವರೆಗೂ ಸಾಲುವಷ್ಟು. ಅದನ್ನು ನೋಡಿದ ಮೇಲೆ ಶಾಜಲಿಗೆ ಹೆದರಿಕೆ ಶುರುವಾಯಿತು. ಅಲ್ಲಿ ಬಿಸಿಲು, ನೂಕುನುಗ್ಗಲು, ವಯಸ್ಸಾದವರು. ಹೋದವರೆಲ್ಲ ಬರುವುದಿಲ್ಲ ಎಂಬುದು ಊರಿಗೇ ಗೊತ್ತು. ಅವಳಿಗೇನಾದರೂ ಆದರೆ ತಾನು ಅವಳಿಗೆ ಹೇಳಿದ ಕೊನೇ ಮಾತು ಅದೇ ಆಗಿಬಿಡುತ್ತದೆ. ಒಂದು ದಿನ ಅವಳು ಮೆಕ್ಕಾದಿಂದ ಮಗಳ ಮೊಬೈಲಿಗೆ ಫೋನ್ ಮಾಡಿದಳು. ಕೋಳಿಗಳು ಮೊಟ್ಟೆ ಇಡುತ್ತಿವೆಯಾ ಎಂದು ಕೇಳಿದಳಂತೆ, ಒಲೆಯ ಬಿರುಕಿಗೆ ಮಣ್ಣು ಮೆತ್ತು ಎಂದಳಂತೆ. ಗಂಡನ ಸುದ್ದಿ ಎತ್ತಲಿಲ್ಲ. ಪಕ್ಕದಲ್ಲೇ ನಿಂತಿದ್ದ ಶಾಜಲಿಗೆ ಅವಳ ಕೆಮ್ಮು ಮಾತ್ರ ಕೇಳಿಸಿತು. ಫೋನನ್ನು ಇಲ್ಲಿ ಕೊಡು ಎಂದು ಕೇಳಲು ಅವನಿಗೆ ಮುಖ ಇರಲಿಲ್ಲ.

ಆವತ್ತೇ ಗಲೀಲಾ ಗೋಡೆಯ ಮಾತು ತೆಗೆದಳು. ಹಜ್‌ನಿಂದ ಬರುವವರ ಮನೆಯ ಗೋಡೆ ಬೋಳಾಗಿದ್ದರೆ ನಮ್ಮೂರಿನಲ್ಲಿ ಅದಕ್ಕೆ ಒಂದೇ ಅರ್ಥ: ಈ ಮನೆಯವರಿಗೆ ಅವರು ತಿರುಗಿ ಬಂದದ್ದು ಬೇಕಾಗಿರಲಿಲ್ಲ. ಬೇರೆಯವರ ಮನೆಯಲ್ಲಾದರೆ ಮರೆತರು, ಸೋಮಾರಿಗಳು ಎಂದಾದರೂ ಜನ ಅಂದುಕೊಂಡಾರು. ಅಲ್ಲೇ ಇದ್ದುಬಿಡು ಎಂದು ಬಸ್‌ಸ್ಟ್ಯಾಂಡಿನಲ್ಲಿ ಸಾರಿದವನ ಮನೆಯಲ್ಲಿ?

ಶಾಜಲಿ ಹಿಫ್ನಿಯ ಮನೆಗೆ ಹೋದ. ಅರ್ಧ ದಾರಿಯಲ್ಲಿ ನಿಂತ, ತಿರುಗಿದ, ಮತ್ತೆ ಹೋದ. ಹಿಫ್ನಿ ಅವನನ್ನು ಕೂರಿಸಿ ಚಹ ಕೊಟ್ಟು, ಅವನು ಹೇಳಿದ್ದನ್ನೆಲ್ಲ ಸಾವಧಾನವಾಗಿ ಕೇಳಿಸಿಕೊಂಡು, ತನ್ನ ಆಣೆಯನ್ನು ನೆನಪಿಸಿದ.

"ನೀನೇ ಬರಿ ಶಾಜಲಿ," ಎಂದ. "ಆಡಿಗೂ ಒಂಟೆಗೂ ವ್ಯತ್ಯಾಸ ಗೊತ್ತಿರೋನು ಊರಲ್ಲಿ ನೀನೊಬ್ಬನೇ ಅಲ್ವಾ."

ಬರೆದೇ ಬರೆಯುತ್ತೇನೆ, ಅದೇನು ಬ್ರಹ್ಮವಿದ್ಯೆಯೇ ಎಂದು ಶಾಜಲಿ ಎದ್ದು ಬಂದ. ಕೈಯಿದೆ, ಕಣ್ಣಿದೆ, ಒಲೆಯಲ್ಲಿ ಇದ್ದಿಲಿದೆ. ಗುಡ್ಡದ ಬುಡದಲ್ಲಿ ಬಿಳೀ ಸುಣ್ಣಕಲ್ಲಿನ ಚಕ್ಕೆಗಳು ಬೇಕಾದಷ್ಟು ಬಿದ್ದಿವೆ. ಒಂದು ಬುಟ್ಟಿ ಆರಿಸಿ ತಂದು, ಹಿತ್ತಲಲ್ಲಿ ಬಾಗಿಲು ಹಾಕಿಕೊಂಡು ಕೂತು ಮೊದಲು ಒಂಟೆಯನ್ನೇ ಬರೆದ. ಪಂಥ ಇದ್ದದ್ದು ಒಂಟೆಯ ಮೇಲಲ್ಲವೇ.

ಅದು ಒಂಟೆಯಾಗಲಿಲ್ಲ. ಹಿಫ್ನಿಯದ್ದು ಆಡಾದರೂ ಆಗಿತ್ತು; ಇದು ಯಾವ ಪ್ರಾಣಿಯೂ ಆಗಲಿಲ್ಲ, ಯಾರೋ ಕಾಲು ಮೇಲೆ ಮಾಡಿ ಇಟ್ಟ ಮೇಜಿನ ಹಾಗೆ ಕಾಣುತ್ತಿತ್ತು. ಇನ್ನೊಂದು ಚಕ್ಕೆ ತೆಗೆದ. ಒಂಟೆಯ ಹಿಂಗಾಲಿನ ಮಂಡಿ ಹಿಂದಕ್ಕೆ ಮಡಚುತ್ತದೋ ಮುಂದಕ್ಕೋ? ಹುಟ್ಟಿದಾಗಿನಿಂದ ಒಂಟೆಗಳ ನಡುವೆಯೇ ಬೆಳೆದವನಿಗೆ ಅದು ಗೊತ್ತಿರಲಿಲ್ಲ. ಹಿತ್ತಲ ಬಾಗಿಲು ತೆರೆದು ಸಂತೆಯ ಕಡೆ ಹೋಗಿ ಒಂದು ಒಂಟೆಯ ಹಿಂದೆ ಬಗ್ಗಿ ನಿಂತು ನೋಡಿದ. ಅದರ ಯಜಮಾನ ಏನು ಹುಡುಕುತ್ತಿದ್ದೀಯ ಎಂದ. ಶಾಜಲಿ ಏನೂ ಇಲ್ಲ ಎಂದು ಬಂದ, ಬರುವಷ್ಟರಲ್ಲಿ ಮರೆತ. ಕತ್ತೆ ಬರೆದ, ಕಿವಿ ನೋಡಿ ಮೊಲ ಎನ್ನಬಹುದಿತ್ತು. ಎದುರಿಗೇ ಇದ್ದ ಚಹದ ಲೋಟ ಬರೆದ. ಕಣ್ಣು ಹೇಳಿದ್ದು ಒಂದು, ಕೈ ಮಾಡಿದ್ದು ಇನ್ನೊಂದು. ಕೈ ಅವನದ್ದೇ, ಅರವತ್ತು ದಾಟುವವರೆಗೂ ಹೇಳಿದ ಮಾತು ಕೇಳಿಕೊಂಡು ಬಂದದ್ದು, ಇದ್ದಿಲು ಹಿಡಿದ ಕೂಡಲೇ ಮನೆಗೆ ಬಂದ ಹೊಸ ಕೋಣದ ಹಾಗೆ ಆಡತೊಡಗಿತು.

ಮಗಳನ್ನು ಎದುರಿಗೆ ಕೂರಿಸಿ ಬರೆದ. ಗಲೀಲಾ ಚಕ್ಕೆಯನ್ನು ಆ ಕಡೆ ಈ ಕಡೆ ತಿರುಗಿಸಿ, ಇದು ಮಸೀದಿಯ ಶೇಖ್ ದಾಹಿಯವರಾ ಎಂದು ಕೇಳಿದಳು. ತಮಾಷೆಗೆ ಕೇಳಿದ್ದಲ್ಲ, ಪಾಪ, ನಿಜವಾಗಿಯೂ ಕೇಳಿದಳು. ಶಾಜಲಿಗೆ ಕೊಂಕು ಮಾತಿನ ಎದುರು ಬದಿಯಲ್ಲಿ ಕೂರುವುದು ಹೇಗಿರುತ್ತದೆ ಎಂದು ಆಗ ಸ್ವಲ್ಪ ಗೊತ್ತಾಯಿತು. ರುಚಿಸಲಿಲ್ಲ.

ಮನಸ್ಸು ಕೆಟ್ಟು ಅವನು ಹಳೇ ಜಾಗಕ್ಕೆ ಹೋದ. ಗುಡ್ಡದ ಮೇಲೆ ಅರ್ಧಕ್ಕೆ ನಿಂತ ಒಂದು ಗೋರಿಯಿದೆ. ಯಜಮಾನ ಬೇಗ ಸತ್ತನೋ, ಕೆಲಸದವರು ಬೇಸತ್ತರೋ, ಚಿತ್ರಗಳಿಗೆ ಬಣ್ಣ ತುಂಬುವ ಮೊದಲೇ ಬಿಟ್ಟುಹೋಗಿದ್ದಾರೆ. ಅಪೂರ್ಣವಾದದ್ದನ್ನು ಯಾರೂ ನೋಡಲು ಬರುವುದಿಲ್ಲ, ಹಾಗಾಗಿ ಕಾವಲುಗಾರರೆಲ್ಲ ಬುತ್ತಿ ಬಿಚ್ಚುವುದು ಅಲ್ಲೇ. ಶಾಜಲಿ ತನ್ನ ನೌಕರಿಯ ಅಷ್ಟೂ ಕಾಲ ಆ ಗೋಡೆಗೆ ಬೆನ್ನು ಒರಗಿಸಿ ಈರುಳ್ಳಿ ಕಡಿದುಕೊಂಡು ರೊಟ್ಟಿ ತಿಂದಿದ್ದ. ಆ ದಿನ ಅದರ ಕಡೆ ಮುಖ ಮಾಡಿ ಕೂತ. ಮೊಟ್ಟಮೊದಲ ಸಲ ಗೋಡೆಯನ್ನು ನೋಡಿದ.

ಗೋಡೆಯ ತುಂಬ ಕೆಂಪು ಬಣ್ಣದಲ್ಲಿ ಅದ್ದಿದ ದಾರ ಮಿಡಿದು ಎಳೆದ ಚೌಕಗಳು. ಚೌಕಗಳ ಮೇಲೆ ಕೆಂಪು ಗೆರೆಯಲ್ಲಿ ಒಬ್ಬ ಹೆಂಗಸು, ಎರಡೂ ಕೈ ಮುಂದಕ್ಕೆತ್ತಿ ಎಡಕ್ಕೆ ಮುಖ ಮಾಡಿ ನಿಂತಿದ್ದಾಳೆ. ಹಣೆಗೆ ಒಂದು ಚೌಕ, ಮೂಗಿನಿಂದ ಭುಜಕ್ಕೆ ಇಷ್ಟು, ಸೊಂಟಕ್ಕೆ ಇಷ್ಟು. ಅಳತೆ! ಚಿತ್ರಕ್ಕೆ ಬಟ್ಟೆಯ ಹಾಗೆ ಅಳತೆ ಇದೆ ಎಂದು ಯಾವ ಬಡ್ಡೀಮಗನೂ ತನಗೆ ಹೇಳಿರಲಿಲ್ಲವಲ್ಲ ಎಂದು ಅವನಿಗೆ ಸಿಟ್ಟು ಬಂತು. ಕೇಳಿದ್ದರೆ ತಾನೇ ಹೇಳುವುದು.

ಇನ್ನೂ ಹತ್ತಿರ ಹೋಗಿ ನೋಡಿದ. ಕೆಂಪು ಗೆರೆ ಎಳೆದವನಿಗೂ ಮೊಣಕೈ ಬಂದಿರಲಿಲ್ಲ. ಅದು ಸೋರೆಕಾಯಿಯಂತೆ ಬಾಗಿತ್ತು; ಅದರ ಮೇಲೆ ಬೇರೊಬ್ಬ ಕಪ್ಪು ಮಸಿಯಲ್ಲಿ ಒಂದೇ ಗೆರೆಯೆಳೆದು ತಿದ್ದಿದ್ದ. ಮೂಗನ್ನೂ ತಿದ್ದಿದ್ದ, ಪಾದವನ್ನೂ ತಿದ್ದಿದ್ದ. ಕೆಂಪಿನವನು ಕಲಿಯುವವನು, ಕಪ್ಪಿನವನು ಗುರು. ಸಾವಿರಾರು ವರ್ಷದ ಹಿಂದೆ ಇದೇ ಗುಡ್ಡದಲ್ಲಿ ತನ್ನ ಹಾಗೇ ಒಬ್ಬ ದಡ್ಡ ಒದ್ದಾಡಿದ್ದ. ಶಾಜಲಿಗೆ ಅವನ ಮೇಲೆ ಬಹಳ ಪ್ರೀತಿ ಬಂತು. ಕಪ್ಪು ಮಸಿಯ ಗುರು ಮಾತ್ರ ಹಿಫ್ನಿಯ ಮೂಲಪುರುಷನೇ ಇರಬೇಕು ಎಂದುಕೊಂಡ.

ಅಲ್ಲಿಂದ ದಿನಾ ಬುಟ್ಟಿ ಹೊತ್ತು ಗುಡ್ಡ ಹತ್ತಿದ. ಈಗಿನ ಕಾವಲುಗಾರರು ನಿವೃತ್ತನಿಗೆ ಬುದ್ಧಿ ಕೆಟ್ಟಿತು ಎಂದು ತಮ್ಮತಮ್ಮಲ್ಲೇ ಹಲ್ಲು ಕಿರಿದರು. ಅವನು ಚಕ್ಕೆಯ ಮೇಲೆ ಚೌಕ ಹಾಕಿ, ಆ ಹೆಂಗಸಿನ ಮೂಗನ್ನು ಬರೆದು, ಒರೆಸಿ, ಮತ್ತೆ ಬರೆದ. ಮೊದಮೊದಲು ಮೂಗು ಬದನೆಯಾಯಿತು, ಆಮೇಲೆ ಬೆರಳಾಯಿತು, ಕೊನೆಗೊಂದು ದಿನ ಮೂಗಾಯಿತು. ಆವತ್ತು ಅವನು ಚಕ್ಕೆಯನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದು ರೊಟ್ಟಿಯ ಬುಟ್ಟಿಯ ಪಕ್ಕ ಇಟ್ಟುಕೊಂಡು ಊಟ ಮಾಡಿದ.

ಹಜ್ ಮುಗಿಯುತ್ತ ಬಂದಾಗ ಗೋಡೆಗೆ ಕೈ ಹಾಕಿದ. ಸುಣ್ಣ ಹೊಡೆದು, ದಾರವನ್ನು ಕೆಮ್ಮಣ್ಣಿನ ನೀರಿನಲ್ಲಿ ಅದ್ದಿ ಮಿಡಿದು ಚೌಕ ಹಾಕಿದ. ಬೀದಿಯೆಲ್ಲ ಬಂದು ನಿಂತಿತು. ಶಾಜಲಿಯನ್ನು ಆಡಿಕೊಳ್ಳಲು ಊರು ಎಷ್ಟು ವರ್ಷದಿಂದ ಕಾದಿತ್ತೋ ಏನೋ. ಹೊರಗೋಡೆಗೆ ಬಚ್ಚಲಮನೆ ಟೈಲ್ಸ್ ಹಾಕಿಸುತ್ತಿದ್ದೀಯಾ ಎಂದು ಒಬ್ಬ ಕೇಳಿದ. ಕೋಳಿಗಳಿಗೆ ಲೆಕ್ಕ ಕಲಿಸುತ್ತಾನೆ ಎಂದ ಇನ್ನೊಬ್ಬ. ಶಾಜಲಿ ಬೆನ್ನು ತಿರುಗಿಸಿ ಕೆಲಸ ಮಾಡಿದ, ಕಿವಿ ಮಾತ್ರ ಕೆಂಪಗಾಗಿತ್ತು.

ಗೋಡೆಯ ಎಡತುದಿಗೆ ಮನೆಯ ಬಾಗಿಲು. ಬಲತುದಿಯಲ್ಲಿ ಅವನು ಮೊದಲು ಕಾಬಾ ಬರೆದ. ದೇವರು ಹೊಸಬರ ಮೇಲೆ ದಯೆಯಿಟ್ಟು ತನ್ನ ಮನೆಯನ್ನು ಚೌಕವಾಗಿ ಕಟ್ಟಿಸಿದ್ದಾನೆ. ಅದು ಚೆನ್ನಾಗಿಯೇ ಬಂತು. ವಿಮಾನ ಬರೆದ, ಅದು ನೈಲ್ ನದಿಯ ಮೀನಾಯಿತು, ಕಿಟಕಿಗಳನ್ನಿಟ್ಟು ವಿಮಾನ ಎನ್ನಿಸಿದ. ಒಂಟೆಯ ವಿಷಯದಲ್ಲಿ ಸ್ವಲ್ಪ ಜಾಣತನ ತೋರಿಸಿದ: ದೊಡ್ಡದೊಂದು ಖರ್ಜೂರದ ಮರ ಬರೆದು, ಅದರ ಹಿಂದೆ ಒಂಟೆಯನ್ನು ನಿಲ್ಲಿಸಿದ. ಈ ಕಡೆ ಮೂತಿ, ಆ ಕಡೆ ಬಾಲ. ಕಾಲುಗಳಿಗೆ ಗೋಧಿಯ ಹೊಲ ಅಡ್ಡ ಬಂತು.

ಇನ್ನು ಉಳಿದದ್ದು ನಬವಿಯಾ. ಕಣ್ಣು ಮುಚ್ಚಿ ಅವಳ ಮುಖ ನೆನೆದ. ತಲೆಯ ಮೇಲಿನ ಕಪ್ಪು ಬಟ್ಟೆ ಬಂತು, ಮುಖ ಬರಲಿಲ್ಲ. ಇಷ್ಟು ವರ್ಷ ಜೊತೆಗಿದ್ದ ಹೆಂಡತಿಯ ಮುಖ ಎದುರಿನಿಂದ ಹೇಗಿದೆ ಎಂದು ಅವನಿಗೆ ತಿಳಿದಿರಲಿಲ್ಲ. ನಾಚಿಕೆಯಿಂದ ಕುಂಚ ಕೆಳಗಿಟ್ಟು ಜಗಲಿಯ ಮೇಲೆ ಕೂತ. ಅಭ್ಯಾಸಬಲದಿಂದ ಬಲಕ್ಕೆ ಹೊರಳಿ ನೋಡಿದ. ಅವಳು ಕೂರುವ ಜಾಗ ಖಾಲಿಯಿತ್ತು, ಆದರೆ ಅವಳು ಅಲ್ಲಿ ಚೆನ್ನಾಗಿ ಕಂಡಳು, ಬದಿಯಿಂದ: ಗಲ್ಲದ ಮೇಲಿನ ಹಸಿರು ಹಚ್ಚೆಯ ಚುಕ್ಕಿ, ಬೀದಿಯ ಕಡೆ ನೆಟ್ಟ ಒಂದು ಕಣ್ಣು, ಏನೋ ಹೇಳಬೇಕೆಂದು ಬಿಟ್ಟುಬಿಟ್ಟಂಥ ತುಟಿ. ಆ ಬದಿ ಅವನಿಗೆ ಗೊತ್ತಿತ್ತು. ಗೋರಿಯ ಹೆಂಗಸಿನ ಅಳತೆಯಲ್ಲೇ ಕೆಂಪು ಗೆರೆ ಹಾಕಿಕೊಂಡು, ಅದರ ಮೇಲೆ ತಾನೇ ಕಪ್ಪು ಮಸಿಯಲ್ಲಿ ತಿದ್ದಿದ. ಫರೋ ಕಾಲದ ಸಪೂರ ಸೊಂಟವನ್ನು ನಬವಿಯಾಳ ಸೊಂಟ ಮಾಡಿದ. ನೀರು ಹೊತ್ತು ಹೊತ್ತು ಇಳಿದ ಭುಜವನ್ನು ಇಳಿಸಿದ. ಹಚ್ಚೆಯ ಚುಕ್ಕಿ ಇಟ್ಟ. ಇಟ್ಟಾದ ಮೇಲೆ ಬೀದಿಯಲ್ಲಿ ಯಾರೂ ಇಲ್ಲದ್ದನ್ನು ನೋಡಿಕೊಂಡು ಸ್ವಲ್ಪ ಅತ್ತ.

ಮಾರನೇ ದಿನ ಮಸೀದಿಯ ಶೇಖ್ ದಾಹಿ ಬಂದರು. ಗೋಡೆಯನ್ನು ನೋಡಿದರು, ಗಡ್ಡ ನೀವಿದರು.

"ಶಾಜಲಿ, ಇವಳು ಯಾವ ಕಡೆ ನೋಡ್ತಿದಾಳೆ?"

ಶಾಜಲಿ ನೋಡಿದ. ನಬವಿಯಾ ಎಡಕ್ಕೆ, ಬಾಗಿಲ ಕಡೆ ಮುಖ ಮಾಡಿ ಕೈಯೆತ್ತಿದ್ದಳು. ಕಾಬಾ ಅವಳ ಬೆನ್ನ ಹಿಂದಿತ್ತು. ಲೋಕದ ಹಾಜಿಗಳೆಲ್ಲ ಯಾವುದನ್ನು ನೋಡಲು ಜೀವ ಸವೆಸುತ್ತಾರೋ ಅದಕ್ಕೆ ಬೆನ್ನು ಹಾಕಿ ನಿಂತ ಮೊದಲ ಯಾತ್ರಿಕಳನ್ನು ಅವನು ಊರಿನ ನಡುಬೀದಿಯಲ್ಲಿ ಬರೆದು ನಿಲ್ಲಿಸಿದ್ದ. ಗೋರಿಯ ಹೆಂಗಸು ಎಡಕ್ಕೆ ತಿರುಗಿದ್ದಳು, ಆದ್ದರಿಂದ ಇವಳೂ ಎಡಕ್ಕೆ. ಅವನಿಗೆ ಬರುತ್ತಿದ್ದದ್ದು ಅದೊಂದೇ ಮುಖ.

ಸಂಜೆಯೊಳಗೆ ಊರು ಅರ್ಥ ಬಿಡಿಸಿ ಮುಗಿಸಿತು. ತನ್ನ ಹೆಸರು ಬರಲಿಲ್ಲವೆಂದು ಹೊಟ್ಟೆಕಿಚ್ಚಿಗೆ ಹೆಂಡತಿಯ ಹಜ್ಜನ್ನೇ ಹಾಳುಮಾಡಿದ, ಸಾಯಿ ಎಂದಿದ್ದು ಸಾಲದೆ ದೇವರಿಂದ ಮುಖ ತಿರುಗಿಸಿ ಬರೆದ ಎಂದರು. ಗಲೀಲಾ ಬಂದು ಅತ್ತಳು. ಅಮ್ಮ ಇದನ್ನು ನೋಡಿ ಊರ ಮುಂದೆ ಹೇಗೆ ತಲೆ ಎತ್ತುತ್ತಾಳೆ, ಬಸ್ಸು ಬರುವುದರೊಳಗೆ ಸುಣ್ಣ ಬಳಿದುಬಿಡು ಅಪ್ಪಾ ಎಂದಳು. ಶಾಜಲಿ ಹಿತ್ತಲಿಗೆ ಹೋಗಿ ಬುಟ್ಟಿಯಲ್ಲಿದ್ದ ಚಕ್ಕೆಗಳೆಲ್ಲ ಖಾಲಿಯಾಗುವವರೆಗೂ ಬಲಕ್ಕೆ ತಿರುಗಿದ ಮುಖ ಬರೆಯಲು ನೋಡಿದ. ಮೂಗು ಹದ್ದಿನ ಕೊಕ್ಕಾಯಿತು, ಗಲ್ಲ ಕುತ್ತಿಗೆಗೆ ಜಾರಿತು. ಕೈ ಒಪ್ಪಲೇ ಇಲ್ಲ.

ಬಸ್ಸು ಬರುವ ದಿನ ಬೆಳಿಗ್ಗೆ ಹಿಫ್ನಿ ಬಣ್ಣದ ಡಬ್ಬಗಳೊಂದಿಗೆ ಬಂದು ನಿಂತ. ಅವನ ಹೆಂಡತಿ ನಬವಿಯಾಳ ಬಾಲ್ಯದ ಗೆಳತಿ. ಹೋಗಿ ಬರೆದುಕೊಟ್ಟು ಬಾ, ತಲಾಖ್ ಆದರೆ ನನಗೇನೂ ನಷ್ಟವಿಲ್ಲ ಎಂದು ಕಳಿಸಿದ್ದಳಂತೆ. ಶೇಖ್ ದಾಹಿಯವರು, ಬಡವರಿಗೆ ಊಟ ಹಾಕಿದರೆ ಆಣೆ ತೀರುತ್ತದೆ ಎಂದು ದಾರಿ ತೋರಿಸಿದ್ದರಂತೆ. ಹಿಫ್ನಿ ಗೋಡೆಯ ಮುಂದೆ ನಿಂತು ಮರದ ಹಿಂದೆ ಅಡಗಿದ್ದ ಒಂಟೆಯನ್ನು ನೋಡಿದ, ಅದು ನಿನ್ನನ್ನ ನೋಡಿ ಬಚ್ಚಿಟ್ಟುಕೊಂಡಿತಾ ಎಂದ. ಆಮೇಲೆ ಹೆಂಗಸಿನ ಮುಂದೆ ನಿಂತ, ಹಚ್ಚೆಯ ಚುಕ್ಕಿಯನ್ನು ಹತ್ತಿರದಿಂದ ನೋಡಿದ.

"ಇದು ನಬವಿಯಾನೇ," ಎಂದ ಕೊನೆಗೆ. "ಮೇಲೆ ಸುಣ್ಣ ಹೊಡೆದು ಆ ಕಡೆ ತಿರುಗಿಸಿ ಬರ್ಕೊಡ್ತೀನಿ. ಒಂದು ಗಂಟೆ ಕೆಲಸ. ನಿನ್ನ ಮುಖ ನೋಡಿ ಅಲ್ಲ, ಅವಳ ಮುಖ ನೋಡಿ."

ಶಾಜಲಿ ಸುಣ್ಣದ ಕುಂಚವನ್ನು ಅವನ ಕೈಗೆ ಕೊಡಲು ಎತ್ತಿದವನು ಅಲ್ಲೇ ನಿಂತ. ಬಾಗಿಲ ಕಡೆ ನೋಡುತ್ತಿದ್ದ ನಬವಿಯಾಳನ್ನು ನೋಡಿದ. ಬಸ್ಸಿನ ಆಚೆ ಬದಿಯ ಕಿಟಕಿಗೆ ಹೋಗಿ ಕೂತವಳು ನೆನಪಾದಳು. ಬಾಯಲ್ಲಿ ಅಲ್ಲೇ ಇದ್ದು ಸಾಯಿ ಎಂದಾಗಿತ್ತು. ಈಗ ಗೋಡೆಯ ಮೇಲೂ ಅವಳನ್ನು ಮನೆಗೆ ಬೆನ್ನು ಮಾಡಿ ಅತ್ತ ಕಳಿಸಿಬಿಟ್ಟರೆ, ಅವಳು ಬರಲಿ ಎಂದು ಈ ಮನೆಯಲ್ಲಿ ಹೇಳಿದ್ದು ಯಾವುದು, ರೊಟ್ಟಿಯ ಖಾಲಿ ಬುಟ್ಟಿಯೇ? ಕೈಗೆ ಬಾರದೆ ಆದ ತಪ್ಪನ್ನು ಅವನಿಗೆ ಈಗ ಬಿಟ್ಟುಕೊಡಲು ಮನಸ್ಸಾಗಲಿಲ್ಲ.

"ಬೇಡ ಹಿಫ್ನಿ. ಹಾಗೇ ಇರ್ಲಿ."

ಹಿಫ್ನಿ ಅವನಿಗೆ ನಿಜಕ್ಕೂ ತಲೆ ಕೆಟ್ಟಿದೆ ಎಂದುಕೊಂಡು ಡಬ್ಬಗಳನ್ನು ಎತ್ತಿಕೊಂಡ. ಅವನು ಬೀದಿಯ ತಿರುವು ದಾಟುವ ಮೊದಲು ಶಾಜಲಿ ಕೂಗಿ, ಗಿರಣಿಯವನ ಗೋಡೆ ಮೇಲಿರುವುದು ಒಂಟೆಯೇ ಎಂದ. ಹಿಫ್ನಿ ತಿರುಗಿ ನೋಡಲಿಲ್ಲ, ಆದರೆ ಕೇಳಿಸಿತು.

ಮಧ್ಯಾಹ್ನ ಬಸ್ಸು ಬಂತು. ಹೆಂಗಸರು ನಾಲಗೆ ಹೊರಳಿಸಿ ಹರ್ಷದ ಕೂಗು ಹಾಕಿದರು. ಹಜ್ ಮುಗಿಸಿದ್ದಕ್ಕೆ ಊರೆಲ್ಲ ಈಗ ಹಾಜ್ಜಾ ಎಂದು ಕರೆಯುವ ನಬವಿಯಾ ಬಿಸಿಲಿಗೆ ಕಪ್ಪಾಗಿದ್ದಳು, ಸೊರಗಿದ್ದಳು, ಕಾಲು ಊದಿತ್ತು. ಮಗಳನ್ನು ತಬ್ಬಿದಳು, ಗೆಳತಿಯರನ್ನು ತಬ್ಬಿದಳು. ಆಮೇಲೆ ಗಂಡನ ಮುಂದೆ ಬಂದು ನಿಂತಳು.

"ಖರ್ಚು ಉಳಿಸೋಕಾಗ್ಲಿಲ್ಲ, ಗಲೀಲಾ ಅಪ್ಪಾ," ಎಂದಳು. "ವಾಪಸ್ ಬಂದುಬಿಟ್ಟೆ."

ಇಷ್ಟು ವರ್ಷದಲ್ಲಿ ಅವಳು ಅವನಿಗೆ ಕೊಟ್ಟ ಮೊದಲ ಏಟು ಅದು. ಎಂಥವರಿಗೂ ಮಾತು ತಿರುಗಿಸಿ ಕೊಡುವವನು ಅವಳ ಗಂಟನ್ನು ಎತ್ತಿಕೊಂಡು ಮುಂದೆ ಮುಂದೆ ಓಡುತ್ತ ಹೋಗಿ ಮನೆಯ ಬಾಗಿಲಲ್ಲಿ ನಿಂತ. ಊರು ಹಿಂದೆಯೇ ಬಂತು, ಇಂಥದ್ದನ್ನು ಯಾರು ಬಿಡುತ್ತಾರೆ.

ನಬವಿಯಾ ಗೋಡೆಯ ಮುಂದೆ ನಿಂತಳು. ಶೇಖ್ ದಾಹಿ ಸಮಾಧಾನ ಹೇಳಲು ಬಾಯಿ ತೆರೆದರು, ಅವಳು ಕೈಯೆತ್ತಿ ತಡೆದಳು. ಕಾಬಾದಿಂದ ಶುರುಮಾಡಿ ನೋಡಿದಳು. ಮೀನಿನ ವಿಮಾನ ನೋಡಿದಳು, ಮರದ ಹಿಂದಿನ ಒಂಟೆ ನೋಡಿದಳು. ತನ್ನನ್ನು ನೋಡಿದಳು. ಗೋಡೆಯ ಮೇಲಿನ ಗಲ್ಲದ ಚುಕ್ಕಿಯನ್ನು ಬೆರಳಿಂದ ಮುಟ್ಟಿ, ಆಮೇಲೆ ತನ್ನ ಗಲ್ಲವನ್ನು ಮುಟ್ಟಿಕೊಂಡಳು. ಗೋಡೆಯ ನಬವಿಯಾ ನೋಡುತ್ತಿದ್ದ ದಿಕ್ಕಿಗೇ ಇವಳೂ ನೋಡಿದಳು, ಬಾಗಿಲ ಕಡೆ. ಅಲ್ಲಿ ಶಾಜಲಿ ಗಂಟನ್ನು ಅವುಚಿಕೊಂಡು, ಅವಳ ಕಡೆ, ಗೋಡೆಯ ಬಲಕ್ಕೆ ಕತ್ತು ತಿರುಗಿಸಿ, ಶಿಕ್ಷೆಗೆ ನಿಂತವನ ಹಾಗೆ ನಿಂತಿದ್ದ.

"ನಾನು ಮನೆಗೆ ಬರ್ತಾ ಇದೀನಿ, ಅದು ಸರಿ," ಎಂದಳು. "ಬಾಗಿಲಲ್ಲಿ ಯಾರೂ ಇಲ್ವಲ್ಲ. ನೀನೆಲ್ಲಿ?"

ಶಾಜಲಿಯ ನಾಲಗೆಯ ತುದಿಗೆ ಎಷ್ಟೋ ಮಾತು ಬಂದವು, ಕೂಡಿದವರನ್ನೆಲ್ಲ ನಗಿಸುವಂಥವು. ಎಲ್ಲವನ್ನೂ ನುಂಗಿದ.

"ಬಾಗಿಲಲ್ಲಿ ನಿಂತೋನು ನಿನ್ನ ಕಡೆ, ಬಲಕ್ಕೆ ನೋಡ್ಬೇಕು. ಬಲಕ್ಕೆ ತಿರುಗಿದ ಮುಖ ನನಗೆ ಬರಿಯೋಕೆ ಬರಲ್ಲ, ನಬವಿಯಾ."

ಅವಳು ಅವನ ಹತ್ತಿರ ಬಂದು, ಊದಿದ ಕಾಲಿನಿಂದ ಚಪ್ಪಲಿ ಕಳಚಿ ಹೊಸ್ತಿಲು ದಾಟಿದಳು. ದಾಟುವಾಗ ಅವನಿಗೊಬ್ಬನಿಗೇ ಕೇಳುವ ಹಾಗೆ ಹೇಳಿದಳು:

"ಈಗ ನಿಂತಿದೀಯಲ್ಲ, ಹಾಗೇ. ಅದನ್ನೇ ಕಲಿ."